ಫ್ರಿಜ್ಜಿನಲ್ಲಿ ಎಂಜಲು ಇರುತ್ತದೆಯೇ?

ಮೊನ್ನೆ ಒಂದು ಅನುವಾದದ ಕರಡು ತಿದ್ದಲು ಕೂತಿದ್ದೆ. ಕಥೆಯ ನಾಯಕಿ ಆಫೀಸಿನಿಂದ ತಡವಾಗಿ ಬಂದು 'ಫ್ರಿಜ್ಜಿನಲ್ಲಿದ್ದ ಎಂಜಲನ್ನು ಬಿಸಿಮಾಡಿಕೊಂಡು ತಿಂದಳು'. ಮೂಲದಲ್ಲಿದ್ದದ್ದು ಲೆಫ್ಟ್‌ಓವರ್ಸ್. ಪಾಪ, ಆಕೆ ತಿಂದದ್ದು ತಾನೇ ಮಾಡಿಟ್ಟ ಸಾರು ಅನ್ನ! 'ಮಿಕ್ಕಿದ್ದನ್ನು' ಎಂದು ತಿದ್ದಿ ಮುಂದೆ ಹೋದೆ.

ಎಂಜಲಿಗೆ ಹತ್ತಿರದ ಮಾತು ಇಂಗ್ಲಿಷಿನಲ್ಲಿ ಬೇರೆಯೇ ಇದೆ: ಓರ್ಟ್ (ort). ಸಾಮಾನ್ಯವಾಗಿ ಬಹುವಚನದಲ್ಲೇ ಬರುತ್ತದೆ, ಓರ್ಟ್ಸ್. ಈಗ ಯಾರೂ ಊಟದ ಮನೆಯಲ್ಲಿ ಅನ್ನುವುದಿಲ್ಲ. ಮೂರೇ ಅಕ್ಷರ, ಸ್ವರದಿಂದ ಶುರು. ಹಾಗಾಗಿ ಅಮೆರಿಕದ ಪದಬಂಧ ರಚಿಸುವವರಿಗೆ ಮಾತ್ರ ಅಚ್ಚುಮೆಚ್ಚು.

ಹುಟ್ಟಿದ್ದು ಊಟದ ಮೇಜಿನ ಮೇಲಲ್ಲ, ಕೊಟ್ಟಿಗೆಯಲ್ಲಿ. ಹಳೆಯ ಡಚ್ ಮತ್ತು ಉತ್ತರ ಜರ್ಮನಿಯ ಆಡುನುಡಿಗಳಲ್ಲಿ ಇದರ ಬಳಗದ ಪದಗಳಿವೆ. ಮೊದಲ ತುಂಡು 'ಓರ್', ಅಂದರೆ ಹೊರಗೆ, ಬಿಟ್ಟು. ಕೊನೆಯ 'ಟ್' ಮಾತ್ರ ಉಳಿದಿರುವ ಎರಡನೆಯ ತುಂಡು 'ತಿನ್ನು' ಎಂಬ ಕ್ರಿಯಾಪದದ್ದು. ತಿಂದು ಬಿಟ್ಟದ್ದು, ಅಷ್ಟೇ. ಅದೇ 'ಓರ್' ಅಗ್ನಿಪರೀಕ್ಷೆ ಎಂಬರ್ಥದ ಇಂಗ್ಲಿಷಿನ ಆರ್ಡೀಲ್ (ordeal) ಪದದ ತಲೆಯಲ್ಲೂ ಕೂತಿದೆ. ಸ್ಕಾಟ್ಲೆಂಡಿನಲ್ಲಿ ಇದು ಕ್ರಿಯಾಪದವೂ ಹೌದು: ದನ ಬೇಕಾದ ಮೇವನ್ನು ಆರಿಸಿ ತಿಂದು ಬೇಡದ್ದನ್ನು ಪಕ್ಕಕ್ಕೆ ತಳ್ಳುವುದು.

ಬೆಳಿಗ್ಗೆ ಗೋದಲಿ ಬಳಿದವರಿಗೆ ಇದು ಕಣ್ಣಿಗೆ ಕಟ್ಟುತ್ತದೆ. ಜೋಳದ ಸೊಪ್ಪೆ ಹಾಕಿರುತ್ತೀರಿ. ಎಮ್ಮೆ ಗರಿಯನ್ನೆಲ್ಲ ಸವರಿ, ಬುಡದ ಗಟ್ಟಿ ದಂಟನ್ನು ಮಾತ್ರ ಜೊಲ್ಲು ಹಚ್ಚಿ ಬಿಟ್ಟಿರುತ್ತದೆ. ಓರ್ಟ್ ಅಂದರೆ ಆ ದಂಟು. ತಿನ್ನುವವರ ನಿರಾಕರಣೆ ಅದರಲ್ಲಿದೆ. ಅದನ್ನು ಎಂಜಲು ಎಂದರೆ ನನ್ನ ಕಿವಿಗೆ ಒಗ್ಗದು. ಎಮ್ಮೆಗೆ ಎಲ್ಲಿಯ ಮಡಿ?

ನಮ್ಮ ಎಂಜಲಿನ ಒಳಗೂ ಮೊದಲು ಮೈಲಿಗೆ ಇರಲಿಲ್ಲ ಅನಿಸುತ್ತದೆ. ತಮಿಳಿನಲ್ಲಿ ಎಚ್ಚಿಲ್, ತೆಲುಗಿನಲ್ಲಿ ಎಂಗಿಲಿ. ತಮಿಳಿನ ಎಂಜು ಎಂದರೆ ಬರೀ ಉಳಿ. ಸಂಸ್ಕೃತದ ಉಚ್ಛಿಷ್ಟದಲ್ಲಿರುವುದೂ ಉಳಿದದ್ದೇ. ಬಾಯಿಯ ಸೋಂಕು ಆಮೇಲೆ ಮೆತ್ತಿಕೊಂಡಿತು, ಗಟ್ಟಿಯಾಗಿಯೇ. ತಂಗಳಿನದು ಇನ್ನೊಂದು ದಾರಿ: ಅಲ್ಲಿ ಬಾಯಿಯ ಲೆಕ್ಕವಿಲ್ಲ, ರಾತ್ರಿ ತಂಗಿದ ಲೆಕ್ಕ. ಲೆಫ್ಟ್‌ಓವರ್ಸ್ ಇವೆಲ್ಲವನ್ನೂ ಒಂದೇ ಡಬ್ಬಿಗೆ ತುಂಬುತ್ತದೆ. ಆದ್ದರಿಂದಲೇ ಆ ಪದ ಕಂಡಾಗ ಅನುವಾದಕ ನಿಘಂಟಿಗಿಂತ ಮೊದಲು ಅಡುಗೆಮನೆಗೆ ಹೋಗಬೇಕು. ಪಾತ್ರೆಯಲ್ಲಿ ಉಳಿದದ್ದೋ, ತಟ್ಟೆಯಲ್ಲೋ? ಇವತ್ತಿನದೋ, ನಿನ್ನೆಯದೋ?

ಎಂಜಲೇ ಸರಿಯಾಗಿ ಕೂರುವ ಜಾಗವೂ ಇದೆ. 1609ರಲ್ಲಿ ಅಚ್ಚಾದ ಶೇಕ್ಸ್‌ಪಿಯರನ 'ಟ್ರಾಯ್ಲಸ್ ಅಂಡ್ ಕ್ರೆಸಿಡಾ' ನಾಟಕದ ಐದನೇ ಅಂಕ. ಟ್ರಾಯ್ಲಸ್ ಮರೆಯಲ್ಲಿ ನಿಂತು, ತನ್ನವಳು ಗ್ರೀಕರ ಡಯೊಮಿಡೀಸನ ಜೊತೆ ಸರಸವಾಡುವುದನ್ನು ನೋಡುತ್ತಾನೆ. ಆಮೇಲಿನ ಅವನ ಮಾತಿನಲ್ಲಿ ಅವಳ ಪ್ರೀತಿಯ ಓರ್ಟ್ಸ್ ಬರುತ್ತದೆ. ಬೆನ್ನಿಗೇ ತುಣುಕು, ಚೂರು, ಜಿಡ್ಡುಹಿಡಿದ ಅವಶೇಷ, ಕೊನೆಗೆ ಅತಿಯಾಗಿ ತಿಂದ ನಂಬಿಕೆ. ಓರ್ಟ್ಸ್‌ನಿಂದ ಹೊರಟು ತಿನ್ನುವ ಕ್ರಿಯೆಗೇ ಮರಳುವ ಸಾಲು ಅದು. ಆ ಜಿಡ್ಡಿಗೆ ನನಗೆ ಬಹಳ ದಿನ ಕನ್ನಡ ಸಿಗಲಿಲ್ಲ. ಒಂದು ಮದುವೆ ಮನೆಯ ಹಿತ್ತಿಲಲ್ಲಿ, ತೊಳೆಯಲು ರಾಶಿ ಹಾಕಿದ್ದ ಕೊಳದಪ್ಪಲೆಗಳ ಪಕ್ಕ ಕೈ ತೊಳೆಯುವಾಗ ಹೊಳೆಯಿತು: ಮುಸುರೆ.