ಸಿಂಧನೂರು ಕಡೆಯ ಊರುಗಳಿಗೆ ‘ಕ್ಯಾಂಪ್’ ಎಂಬ ಹೆಸರೇಕೆ?

ಪ್ರಶ್ನೆ: ಗಂಗಾವತಿ, ಸಿಂಧನೂರು ಭಾಗದಲ್ಲಿ ಎಷ್ಟೋ ಊರುಗಳ ಹೆಸರು ‘ಕ್ಯಾಂಪ್’ ಎಂದೇ ಮುಗಿಯುತ್ತದೆ. ಅಲ್ಲಿ ಹಿಂದೆ ಸೈನ್ಯ ಬೀಡುಬಿಟ್ಟಿತ್ತೇ?

ಉತ್ತರ: ಬೀಡುಬಿಟ್ಟಿದ್ದು ನಿಜ, ಆದರೆ ಸೈನಿಕರಲ್ಲ, ಕರಾವಳಿ ಆಂಧ್ರದ ರೈತರು. ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಸುಮಾರು 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಹಾದುಹೋದ ಎರೆ ಭೂಮಿಯಲ್ಲಿ ಅಲ್ಲಿಯವರೆಗೆ ಮಳೆಯನ್ನೇ ನಂಬಿ ಜೋಳ, ಹತ್ತಿ ಬೆಳೆಯುತ್ತಿದ್ದರು. ಕೃಷ್ಣಾ, ಗೋದಾವರಿ ತೀರದಲ್ಲಿ ಒಂದು ಎಕರೆ ಮಾರಿ ಬಂದವರಿಗೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು. ಅವರು ಹಳೆಯ ಊರಿನೊಳಗೆ ಮನೆ ಹುಡುಕಲಿಲ್ಲ, ಕೊಂಡ ಹೊಲದ ಪಕ್ಕದಲ್ಲೇ ಗುಡಿಸಲು ಹಾಕಿಕೊಂಡರು. ಆ ಬಿಡಾರಗಳಿಗೆ ಕ್ಯಾಂಪ್ ಎಂಬ ಹೆಸರು ಅಂಟಿಕೊಂಡಿತು. ಗುಡಿಸಲು ಹೋಗಿ ತಾರಸಿ ಮನೆ, ರಾಮಮಂದಿರ, ಅಕ್ಕಿ ಗಿರಣಿ ಬಂದ ಮೇಲೂ ಹೆಸರು ಬದಲಾಗಲಿಲ್ಲ.

ಸಿಂಧನೂರು ತಾಲ್ಲೂಕಿನ ಆರ್.ಎಚ್. (ಪುನರ್ವಸತಿ) ಕ್ಯಾಂಪ್‌ಗಳು ಮಾತ್ರ ಬೇರೆ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಸರ್ಕಾರವೇ ಅಲ್ಲಿ ನೆಲೆ ಕಲ್ಪಿಸಿತು.

‘ಆಂಧ್ರದವರು ಬಂದು ಬೀಳು ನೆಲವನ್ನು ಬಂಗಾರ ಮಾಡಿದರು’ ಎಂಬ ಮಾತನ್ನು ನೀವೂ ಕೇಳಿರಬಹುದು. ಅವರ ದುಡಿಮೆಯ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಸ್ಥಳೀಯರು ಸೋಮಾರಿಗಳಾಗಿದ್ದರು ಎಂಬ ಧ್ವನಿ ಅದರಲ್ಲಿದ್ದರೆ ನಾನು ಒಪ್ಪುವುದಿಲ್ಲ. ಭತ್ತಕ್ಕೆ ಹೊಲವನ್ನು ಮಟ್ಟ ಮಾಡಬೇಕು, ಮಡಿ ಕಟ್ಟಬೇಕು, ಅದಕ್ಕೆ ಕೈಯಲ್ಲಿ ದುಡ್ಡು ಬೇಕು. ಬರಕ್ಕೆ ಸಿಕ್ಕು ಸಾಲದಲ್ಲಿದ್ದವನ ಬಳಿ ಅದೆಲ್ಲಿತ್ತು? ಮಾರಿದವರಲ್ಲಿ ಕೆಲವರು ಮುಂದೆ ತಮ್ಮದಾಗಿದ್ದ ಹೊಲಕ್ಕೇ ಕೂಲಿಗೆ ಹೋದರು.

ಇನ್ನೊಂದು ವಿಷಯವನ್ನು ಮರೆತೇಬಿಡುತ್ತೇವೆ. ಈ ಕಾಲುವೆಯ ನೀರಿನಲ್ಲಿ ಹೆಚ್ಚಿನ ಜಮೀನು ಬೆಳೆಯಬೇಕಾಗಿದ್ದದ್ದು ಭತ್ತವನ್ನಲ್ಲ. ಜೋಳ, ಹತ್ತಿ, ಶೇಂಗಾದಂಥ ಬೆಳೆಗಳಿಗೆ ಸ್ವಲ್ಪ ಸ್ವಲ್ಪವೇ ನೀರು ಕೊಟ್ಟು ಬರದಿಂದ ಕಾಪಾಡುವುದು ಮೂಲ ಲೆಕ್ಕಾಚಾರವಾಗಿತ್ತು. ಅಂದರೆ ಊರಿನವರು ಬೆಳೆಯುತ್ತಿದ್ದ ಜೋಳವೇ ಯೋಜನೆಯ ಬೆಳೆ! ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹರಡಿತು. ಮುಂದೆ ಊರಿನವರೂ ಅದನ್ನೇ ಹಿಡಿದರು, ಗಂಗಾವತಿಯ ಸೋನಾ ಮಸೂರಿ ಹೆಸರಾಯಿತು. ಕೆಳಗೆ ಮಾನ್ವಿ, ರಾಯಚೂರು ಕಡೆಯ ರೈತರು ಮಾತ್ರ ಕಾಲುವೆ ಕೊನೆಗೂ ನೀರು ಹರಿಸಿ ಎಂದು ಈಗಲೂ ರಸ್ತೆಯಲ್ಲಿ ಕೂರುತ್ತಾರೆ.