ಪದ ಪರಿಚಯ: ವಿದೇಶಿ ನೇರ ಹೂಡಿಕೆ (ಎಫ್‌ಡಿಐ)

ಕೋಲಾರದ ನರಸಾಪುರಕ್ಕೆ ಆಪಲ್ ಎಫ್‌ಡಿಐ ತಂದಿದೆ ಅನ್ನುವ ಮಾತನ್ನು ಟೀವಿ ಚರ್ಚೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಅಲ್ಲಿನ ಐಫೋನ್ ಕಾರ್ಖಾನೆಯನ್ನು ಆಪಲ್ ಕಟ್ಟಿಲ್ಲ. ಅದರ ಒಡೆತನ ಯಾವತ್ತೂ ಆಪಲ್ ಕೈಯಲ್ಲಿ ಇರಲಿಲ್ಲ. ಕಟ್ಟಿದ್ದು ತೈವಾನಿನ ವಿಸ್ಟ್ರಾನ್. ಆ ದುಡ್ಡು ಎಫ್‌ಡಿಐ, ಸರಿ. 2023ರಲ್ಲಿ ಟಾಟಾದವರು ಅದನ್ನು ಕೊಂಡರು. ಐಫೋನ್ ಮೊದಲೂ ಅಲ್ಲಿ ತಯಾರಾಗುತ್ತಿತ್ತು, ಆಮೇಲೂ ತಯಾರಾಯಿತು. ಆದರೆ ಒಡೆತನ ಭಾರತದ ಕಂಪನಿಗೆ ಬಂದ ಮೇಲೆ ಅದನ್ನು ಎಫ್‌ಡಿಐ ಕಾರ್ಖಾನೆ ಅಂತ ಕರೆಯಲು ಬರುವುದಿಲ್ಲ. ಫೋನಿನ ಮೇಲಿನ ಹೆಸರು ನೋಡಿ ಹೂಡಿಕೆ ಯಾರದ್ದು ಅಂತ ತೀರ್ಮಾನ ಮಾಡುವ ಚಾಳಿ ಬಿಡಬೇಕು. ಸಂಬಳ ಕಡಿತವಾದಾಗ ಯಾರ ಬಾಗಿಲು ತಟ್ಟಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ಈ ಹೆಸರಿನಲ್ಲಿ ಜನ ಗಮನಿಸದೆ ದಾಟಿಬಿಡುವ ಪದ ‘ನೇರ’. ಹೊರಗಿನವರಿಗೆ ಕಂಪನಿ ನಡೆಸುವುದರಲ್ಲಿ ಕೈ ಇದ್ದರೆ ಅದು ನೇರ ಹೂಡಿಕೆ. ಎಷ್ಟು ಪಾಲಿದ್ದರೆ ಕೈ ಇದೆ ಅನ್ನಬೇಕು? ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಮತ್ತು ಶ್ರೀಮಂತ ದೇಶಗಳ ಕೂಟವಾದ ಓಇಸಿಡಿ ಹಾಕಿದ ಗೆರೆ ಶೇ 10. ನಮ್ಮ ನಿಯಮದಲ್ಲೂ ಅದೇ ಗೆರೆ. ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಶೇ 10 ಅಥವಾ ಅದಕ್ಕಿಂತ ಜಾಸ್ತಿ ಪಾಲು ಕೊಂಡರೆ ನೇರ ಹೂಡಿಕೆ, ಕಮ್ಮಿ ಆದರೆ ಪೋರ್ಟ್‌ಫೋಲಿಯೊ ಹೂಡಿಕೆ. ಇನ್ಫೋಸಿಸ್ ಷೇರುಗಳಲ್ಲಿ ದೊಡ್ಡ ಪಾಲು ವಿದೇಶಿ ಫಂಡುಗಳ ಹತ್ತಿರ ಇದೆ. ಲಾಭ ಕಂಡಾಗ ಅವರು ಮಾರಿ ಹೋಗಬಹುದು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಯಾರಿಗೆ ಯಾವ ಶಿಫ್ಟ್ ಅಂತ ಹೇಳುವ ಅಧಿಕಾರ ಅವರಿಗಿಲ್ಲ. ಅದೇ ಔಟರ್ ರಿಂಗ್ ರೋಡಿನಲ್ಲಿ ಅಮೆರಿಕದ ಬ್ಯಾಂಕೊಂದು ತನ್ನದೇ ಜಿಸಿಸಿ, ಅಂದರೆ ತನ್ನ ಕೆಲಸವನ್ನು ಇಲ್ಲಿಂದ ಮಾಡಿಸಿಕೊಳ್ಳುವ ಸ್ವಂತ ಕಚೇರಿ, ತೆರೆದಿದ್ದರೆ ಮಾತು ಬೇರೆ. ಅಲ್ಲಿ ಎಷ್ಟು ಜನರನ್ನು ತೆಗೆದುಕೊಳ್ಳಬೇಕು, ಎಷ್ಟು ಜನರನ್ನು ಬಿಡಬೇಕು ಅನ್ನುವುದು ನ್ಯೂಯಾರ್ಕಿನಲ್ಲಿ ತೀರ್ಮಾನ ಆಗಬಹುದು. ಇದು ನೇರ.

ಹೂಡುತ್ತೇವೆ ಅಂತ ಕಂಪನಿಗಳು ಸರ್ಕಾರದ ಜೊತೆ ಮಾಡಿಕೊಳ್ಳುವ ಒಡಂಬಡಿಕೆಯೂ ಎಫ್‌ಡಿಐ ಅಲ್ಲ. 2025ರ ಫೆಬ್ರವರಿಯಲ್ಲಿ ಅರಮನೆ ಮೈದಾನದ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ 10.27 ಲಕ್ಷ ಕೋಟಿ ರೂಪಾಯಿಯ ಹೂಡಿಕೆ ಅಂತ ಘೋಷಿಸಿದರು. ಅದು ಕೊಟ್ಟ ಮಾತು, ಬಂದ ಹಣ ಅಲ್ಲ. ಅದರಲ್ಲಿ ನಮ್ಮ ದೇಶದ ಕಂಪನಿಗಳ ಮಾತೂ ಸೇರಿದೆ.

‘ಇಷ್ಟು ಎಫ್‌ಡಿಐ ಬಂತು, ಇಷ್ಟು ಕೆಲಸ ಹುಟ್ಟಿತು’ ಅಂತ ಒಂದೇ ಉಸಿರಿನಲ್ಲಿ ಹೇಳುವವರು ಫ್ಲಿಪ್‌ಕಾರ್ಟ್ ಕತೆಯನ್ನು ಒಮ್ಮೆ ನೋಡಬೇಕು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಶೇ 77ರಷ್ಟು ಪಾಲು ಕೊಂಡಿತು. ಬೆಂಗಳೂರಿಗೆ ಬಂದ ದೊಡ್ಡ ಎಫ್‌ಡಿಐ ಅಂತ ಎಲ್ಲ ಕಡೆ ಸುದ್ದಿ. ಆ ಹಣದಲ್ಲಿ ಕಂಪನಿಗೆ ಹೊಸದಾಗಿ ಸೇರಿದ್ದು 200 ಕೋಟಿ ಡಾಲರ್ ಮಾತ್ರ. ಉಳಿದದ್ದು ಹಳೆಯ ಷೇರುದಾರರ ಜೇಬಿಗೆ ಹೋಯಿತು. ಅವರಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ಕೂಡ ಇತ್ತು. ಕೈಬದಲಾದದ್ದು ಸಿಂಗಪುರದಲ್ಲಿ ನೋಂದಣಿಯಾದ ಮಾತೃ ಕಂಪನಿಯ ಷೇರು. ಬಹುಪಾಲು, ಒಬ್ಬ ಹೊರಗಿನವನು ಇನ್ನೊಬ್ಬ ಹೊರಗಿನವನಿಗೆ, ಹೊರಗಿನ ಊರಿನಲ್ಲೇ ಮಾರಿದ. ಇದರಿಂದ ಗೋಡೌನಿನಲ್ಲಿ ಡಬ್ಬ ಕಟ್ಟುವ ಒಬ್ಬ ಹುಡುಗನಿಗೆ ತಾನಾಗಿಯೇ ಹೊಸ ಕೆಲಸ ಹುಟ್ಟುವುದಿಲ್ಲ, ಅಲ್ವಾ? ಹೊಸ ನೆಲದ ಮೇಲೆ ಕಾರ್ಖಾನೆ ಕಟ್ಟುವುದು ಬೇರೆ, ನಡೆಯುತ್ತಿರುವ ಕಂಪನಿಯ ಪಾಲು ಕೊಳ್ಳುವುದು ಬೇರೆ. ಲೆಕ್ಕದಲ್ಲಿ ಎರಡೂ ಒಂದೇ ಕಾಲಂಗೆ ಬೀಳುತ್ತವೆ. ವಾಪಸ್ ಹೋದ ಹಣವನ್ನಂತೂ ಹೇಳುವವರೇ ಕಮ್ಮಿ. 2024-25ರಲ್ಲಿ ದೇಶಕ್ಕೆ ಒಟ್ಟು ಬಂದ ಎಫ್‌ಡಿಐ ಸುಮಾರು 8,100 ಕೋಟಿ ಡಾಲರ್. ಹೂಡಿದವರು ಮಾರಿಕೊಂಡು ಒಯ್ದದ್ದನ್ನು, ನಮ್ಮ ಕಂಪನಿಗಳು ಹೊರಗೆ ಹೂಡಿದ್ದನ್ನು ಕಳೆದರೆ ನಿವ್ವಳ ಉಳಿದದ್ದು ಆರ್‌ಬಿಐನ ಮೊದಲ ಲೆಕ್ಕದಲ್ಲಿ ಸುಮಾರು 35 ಕೋಟಿ ಡಾಲರ್.

ಈಗ ಕೆಲಸಗಾರರ ವಿಷಯಕ್ಕೆ ಬರೋಣ. ನನಗೆ ನಿಜವಾಗಿ ಬೇಸರ ತರಿಸುವ ಗೊಂದಲ ಇರುವುದು ಇಲ್ಲಿ. ಕಂಪನಿಯ ಒಡೆಯ ಒಬ್ಬ, ಮಾಲು ಕೊಳ್ಳುವ ಬೈಯರ್ ಇನ್ನೊಬ್ಬ, ಸಂಬಳದ ಚೀಟಿ ಕೊಡುವ ಏಜೆನ್ಸಿ ಮತ್ತೊಬ್ಬ. ಮೂವರನ್ನೂ ಸೇರಿಸಿ ‘ವಿದೇಶಿ ಕಂಪನಿ’ ಅಂದುಬಿಟ್ಟರೆ ಜವಾಬ್ದಾರಿ ಯಾರ ತಲೆಯ ಮೇಲೂ ಕೂರುವುದಿಲ್ಲ.

2020ರ ಕೊನೆಯಲ್ಲಿ ಬೆಂಗಳೂರಿನ ಎರಡು ದಿಕ್ಕಿನಲ್ಲಿ ಎರಡು ಜಗಳ ನಡೆದವು. ಬಿಡದಿಯ ಟೊಯೋಟಾ ಕಿರ್ಲೋಸ್ಕರ್‌ನಲ್ಲಿ ಜಪಾನಿನ ಕಂಪನಿಯ ಪಾಲು ಶೇ 89. ಪಕ್ಕಾ ನೇರ ಹೂಡಿಕೆ. ನವೆಂಬರಿನಲ್ಲಿ ಅಲ್ಲಿ ಒಬ್ಬ ನೌಕರನ ಅಮಾನತು, ಅದರ ಮೇಲೆ ಧರಣಿ, ಅದರ ಮೇಲೆ ಲಾಕೌಟ್. ತಿಂಗಳುಗಟ್ಟಲೆ ಎಳೆಯಿತು. ಕಾರ್ಮಿಕರಿಗೆ ಕಷ್ಟ ಕಮ್ಮಿಯಾಗಲಿಲ್ಲ. ಆದರೆ ಅಲ್ಲಿ ನೋಂದಣಿಯಾದ ಯೂನಿಯನ್ ಇತ್ತು, ಎದುರಿಗೆ ಮ್ಯಾನೇಜ್‌ಮೆಂಟ್ ಇತ್ತು, ನಡುವೆ ಕಾರ್ಮಿಕ ಇಲಾಖೆ ಇತ್ತು. ಯಾರ ಜೊತೆ ಮಾತಾಡಬೇಕು ಅನ್ನುವುದರಲ್ಲಿ ಅನುಮಾನ ಇರಲಿಲ್ಲ.

ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಡಿಸೆಂಬರ್ 12ರ ಬೆಳಿಗ್ಗೆ ಕೆಲಸಗಾರರ ಸಿಟ್ಟಿಗೆ ಗಾಜು ಒಡೆದವು, ವಾಹನಗಳು ಉರುಳಿದವು. ಒಳಗಿನ ಜನರಲ್ಲಿ ಬಹುಪಾಲು ಕಂಪನಿ ರೋಲಿನವರಲ್ಲ, ಹಲವು ಏಜೆನ್ಸಿಗಳ ಮೂಲಕ ಬಂದ ಕಾಂಟ್ರ್ಯಾಕ್ಟ್ ಹುಡುಗ ಹುಡುಗಿಯರು. ಕೆಲವೇ ತಿಂಗಳಲ್ಲಿ ಸುಮಾರು 5,000 ಇದ್ದ ಕೆಲಸಗಾರರ ಸಂಖ್ಯೆ 10,500ಕ್ಕೆ ಏರಿತ್ತು. ಎಂಟು ಗಂಟೆಯ ಶಿಫ್ಟ್ ಹನ್ನೆರಡಾಗಿತ್ತು. ಹಾಜರಾತಿ ಸರಿಯಾಗಿ ದಾಖಲಾಗುತ್ತಿರಲಿಲ್ಲ, ಸಂಬಳ ಹೇಳಿದ್ದಕ್ಕಿಂತ ಕಮ್ಮಿ ಬರುತ್ತಿತ್ತು. ಅಂಥ ಹುಡುಗನೊಬ್ಬ ಸೂಪರ್‌ವೈಸರನ್ನು ಕೇಳಿದರೆ ‘ನಿಮ್ಮ ಏಜೆನ್ಸಿಯನ್ನು ಕೇಳಿ’. ಏಜೆನ್ಸಿಗೆ ಫೋನ್ ಮಾಡಿದರೆ ‘ಕಂಪನಿ ಅಟೆಂಡೆನ್ಸ್ ಕಳಿಸಿಲ್ಲ’. ಕಾಂಟ್ರ್ಯಾಕ್ಟ್ ಕೆಲಸ ಮಾಡಿದ ಯಾರಿಗೂ ಈ ಓಡಾಟ ಹೊಸದಲ್ಲ. ಆಮೇಲೆ ವಿಸ್ಟ್ರಾನ್ ಕ್ಷಮೆ ಕೇಳಿತು, ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಅದಕ್ಕೆ ಬಿಸಿ ಮುಟ್ಟಿಸಿದ್ದು ಆಪಲ್. ಸರಿಪಡಿಸುವ ತನಕ ಹೊಸ ಆರ್ಡರ್ ಇಲ್ಲ ಅಂದಿತು. ಆ ಕಾರ್ಖಾನೆಯಲ್ಲಿ ಒಂದು ರೂಪಾಯಿ ಪಾಲೂ ಇಲ್ಲದ ಕಂಪನಿಗೆ ಇಷ್ಟು ಹಿಡಿತ. ಎಫ್‌ಡಿಐ ಲೆಕ್ಕದಲ್ಲಿ ಇದು ಎಲ್ಲೂ ಕಾಣಿಸುವುದಿಲ್ಲ.

ಗಾರ್ಮೆಂಟ್ಸ್‌ನವರಿಗೆ ಈ ಹಿಡಿತ ಹಳೆಯ ಪರಿಚಯ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಹೆಚ್ಚಿನ ಕಾರ್ಖಾನೆಗಳ ಒಡೆಯರು ನಮ್ಮವರೇ. ಕೊಳ್ಳುವ ಬ್ರ್ಯಾಂಡ್ ಮಾತ್ರ ಯುರೋಪು, ಅಮೆರಿಕದ್ದು. ‘ಬೈಯರ್ ಬರ್ತಾರೆ’ ಅಂದ ದಿನ ಟಾಯ್ಲೆಟ್ಟಿಗೆ ಸೋಪು ಬರುತ್ತದೆ, ಫಸ್ಟ್ ಏಡ್ ಡಬ್ಬ ತುಂಬುತ್ತದೆ, ಸೂಪರ್‌ವೈಸರ್ ದನಿ ತಗ್ಗುತ್ತದೆ. ಮಾರನೇ ದಿನ ಗಂಟೆಗೆ ಇಷ್ಟು ಪೀಸ್ ಅನ್ನುವ ಟಾರ್ಗೆಟ್ ಮತ್ತೆ ಶುರು. ಆ ಟಾರ್ಗೆಟ್ಟಿನ ಹಿಂದೆ ಇರುವುದೂ ಅದೇ ಬೈಯರ್ ಕೊಟ್ಟ ರೇಟು. 2020ರ ಜೂನ್‌ನಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಶ್ರೀರಂಗಪಟ್ಟಣದ ಘಟಕದಲ್ಲಿ ಸಾವಿರಕ್ಕೂ ಜಾಸ್ತಿ ಜನರನ್ನು ಲೇ-ಆಫ್ ಮಾಡಿದಾಗ ಅವರು ಹೊಲಿಯುತ್ತಿದ್ದದ್ದು ಸ್ವೀಡನ್ನಿನ ಬ್ರ್ಯಾಂಡ್ ಎಚ್ ಅಂಡ್ ಎಂ ಬಟ್ಟೆ. ಯೂನಿಯನ್ ಕಂಪನಿಯ ಗೇಟಿನಲ್ಲಿ ಕೂತದ್ದಷ್ಟೇ ಅಲ್ಲ, ಬ್ರ್ಯಾಂಡನ್ನೂ ಬಿಡದೆ ಕೇಳಿತು. ಮತ್ತೆ ಕೆಲಸ ಕೊಡುವ ಒಪ್ಪಂದಕ್ಕೆ ಬಂದದ್ದು ಹಾಗೆ. ಯಾರ ಹಿಡಿತ ಎಲ್ಲಿದೆ ಅಂತ ಅಲ್ಲಿ ಹೊಲಿಯುತ್ತಿದ್ದ ಹೆಂಗಸರಿಗೆ ಗೊತ್ತಿತ್ತು.

ಹೂಡಿಕೆಯ ಪರಿಣಾಮ ಹೂಡಿಕೆ ಬಂದ ಕಾಂಪೌಂಡಿನೊಳಗೇ ನಿಲ್ಲುತ್ತದೆ ಅಂದುಕೊಳ್ಳುವುದೂ ತಪ್ಪು. ಬಂಡವಾಳ ಕರೆಯಲು ರಾಜ್ಯಗಳು ಪೈಪೋಟಿಗೆ ಬಿದ್ದಾಗ ಕಾನೂನೇ ಬದಲಾಗುತ್ತದೆ. 2023ರ ಫೆಬ್ರವರಿಯಲ್ಲಿ ಕರ್ನಾಟಕ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದಿತು. ವಾರಕ್ಕೆ 48 ಗಂಟೆಯ ಮಿತಿ ಉಳಿಸಿಕೊಂಡು ದಿನಕ್ಕೆ 12 ಗಂಟೆಯ ಶಿಫ್ಟ್‌ಗೆ ದಾರಿ ಮಾಡಿತು. ಮೂರು ತಿಂಗಳ ಓವರ್‌ಟೈಮ್ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. ಹೆಂಗಸರ ರಾತ್ರಿ ಪಾಳಿಗೂ ಅವಕಾಶ ಕೊಟ್ಟಿತು. ಆಪಲ್ ಮತ್ತು ಅದಕ್ಕೆ ಐಫೋನ್ ತಯಾರಿಸಿಕೊಡುವ ಫಾಕ್ಸ್‌ಕಾನ್ ಒತ್ತಾಯ ಇದರ ಹಿಂದೆ ಇದೆ ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ದೇವನಹಳ್ಳಿಯ ಫಾಕ್ಸ್‌ಕಾನ್‌ಗೆ ಮಾತ್ರ ಅಂತ ಕಾಯ್ದೆಯಲ್ಲಿ ಬರೆದಿರಲಿಲ್ಲ. ಹೊರಗಿನ ಒಂದು ಡಾಲರ್ ಕೂಡ ಕಾಣದ ಪೀಣ್ಯದ ಫ್ಯಾಕ್ಟರಿಯ ಮಾಲೀಕನೂ ಅದೇ ಕಾಯ್ದೆ ಹಿಡಿದು ಶಿಫ್ಟ್ ಉದ್ದ ಮಾಡಲು ನೋಡಬಹುದಿತ್ತು. ಅಲ್ಲಿ ಮೆಷಿನ್ ನಡೆಸುವವನಿಗೆ ಬೈಯರೂ ಇಲ್ಲ, ಬ್ರ್ಯಾಂಡೂ ಇಲ್ಲ, ಬಹಳ ಕಡೆ ಯೂನಿಯನ್ನೂ ಇಲ್ಲ.