ಹಣೆಗೆ ಕಟ್ಟುವ ಪರದೆ ಕನ್ನಡಕವಾಗುವುದು ಯಾವಾಗ?

ಪ್ರಶ್ನೆ: ಮಗ ವಿಆರ್ ಹೆಡ್‌ಸೆಟ್ (ಕಣ್ಣ ಮುಂದೆ ಪರದೆ ಕಟ್ಟಿಕೊಂಡು ಕಲ್ಪಿತ ಲೋಕ ನೋಡುವ ಸಾಧನ) ಬೇಕೆಂದು ಹಟ ಹಿಡಿದಿದ್ದಾನೆ. ಇನ್ನೆರಡು ವರ್ಷ ತಡೆದರೆ ಅದು ಸಾಮಾನ್ಯ ಕನ್ನಡಕದಷ್ಟು ಹಗುರವಾಗುತ್ತದೆ, ಬೆಲೆಯೂ ಇಳಿಯುತ್ತದೆ ಎಂದು ಪರಿಚಿತರು ಹೇಳುತ್ತಾರೆ. ಕಾಯುವುದು ಲೇಸೇ? (ಓದುಗರೊಬ್ಬರು, ಕಲಬುರಗಿ)

ಉತ್ತರ: ಹಗುರವಾಗುವುದು ನಿಜ, ಆದರೆ ಎರಡು ವರ್ಷದಲ್ಲಿ ಅದು ಕನ್ನಡಕವಾಗಲಾರದು, ಬೆಲೆಯ ಮಾತನ್ನಂತೂ ಅಷ್ಟು ಸುಲಭವಾಗಿ ನಂಬಬೇಡಿ.

ಮೊದಲು ತೂಕವನ್ನೇ ನೋಡೋಣ. 2023ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್‌ನ ಒಡೆಯ ಕಂಪನಿ ಮೆಟಾದಿಂದ ಬಂದ ಕ್ವೆಸ್ಟ್ 3 ಹೆಡ್‌ಸೆಟ್ ತೂಗುವುದು 515 ಗ್ರಾಂ. ನಮ್ಮೂರಿನ ಅರ್ಧ ಕಿಲೋ ತೊಗರಿಬೇಳೆಯ ಪೊಟ್ಟಣವನ್ನು ಹಣೆಯ ಮುಂದೆ ಕಟ್ಟಿಕೊಂಡು ಕುಳಿತರೆ ಕುತ್ತಿಗೆಗೆ ಏನಾಗುತ್ತದೋ ಇಲ್ಲಿ ಆಗುವುದೂ ಅದೇ. ಬೆಳಕನ್ನು ಒಳಗೇ ಮಡಚುವ ತೆಳು ‘ಪ್ಯಾನ್‌ಕೇಕ್’ ಮಸೂರಗಳು ಬಂದ ಮೇಲೆ ಹೆಡ್‌ಸೆಟ್‌ನ ಮೂತಿ ಗಿಡ್ಡವಾಯಿತು, ಪರದೆಗಳೂ ಚಿಕ್ಕವಾದವು. ಆದರೆ ಬ್ಯಾಟರಿ ಮತ್ತು ಚಿಪ್‌ನ ಬಿಸಿ ಆ ವೇಗದಲ್ಲಿ ಕುಗ್ಗುವ ವಸ್ತುಗಳಲ್ಲ. ಆದ್ದರಿಂದಲೇ ಆಪಲ್ 2024ರಲ್ಲಿ ತನ್ನ ವಿಷನ್ ಪ್ರೊ ಹೆಡ್‌ಸೆಟ್‌ನ ಬ್ಯಾಟರಿಯನ್ನು ವೈರು ಹಚ್ಚಿ ಜೇಬಿಗೆ ಇಳಿಸಿತು. 2025ರ ಅಕ್ಟೋಬರ್‌ನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಕ್ಸ್‌ಆರ್ ಕೂಡ ಅದೇ ದಾರಿ ಹಿಡಿಯಿತು. ಮುಂದಿನ ಎರಡು-ಮೂರು ವರ್ಷಗಳಲ್ಲಿ ಕೆಲವು ಮಾದರಿಗಳ ಚಿಪ್ ಕೂಡ ಬ್ಯಾಟರಿಯ ಹಿಂದೆಯೇ ಜೇಬಿಗೆ ಹೋಗಿ, ಮುಖದ ಮೇಲೆ ಪರದೆ, ಮಸೂರ ಮತ್ತು ಕ್ಯಾಮೆರಾಗಳಷ್ಟೇ ಉಳಿಯುತ್ತವೆ ಎಂಬುದು ನನ್ನ ಅಂದಾಜು. ಅಲ್ಲಿ ತೂಕ ಕಡಿಮೆಯಾಗುವುದಕ್ಕಿಂತ ಜಾಗ ಬದಲಿಸುವುದೇ ಹೆಚ್ಚು.

ಬಿಸಿಯ ವಿಷಯ ನಮ್ಮ ಕಡೆಯವರಿಗೆ ಇನ್ನಷ್ಟು ಮುಖ್ಯ. ವಿಷನ್ ಪ್ರೊ ಕೆಲಸ ಮಾಡುವ ವಾತಾವರಣದ ಉಷ್ಣತೆಯನ್ನು ಆಪಲ್ 30 ಡಿಗ್ರಿ ಸೆಲ್ಸಿಯಸ್‌ವರೆಗೆ ಎಂದು ನಮೂದಿಸಿದೆ. ಕಲಬುರಗಿಯ ಮೇ ತಿಂಗಳು 40 ದಾಟುತ್ತದೆ. ಒಂದು ಬೇಸಿಗೆಯ ಮಧ್ಯಾಹ್ನ, ಕೂಲರ್ ಎದುರಿಗೇ ಕುಳಿತು, ಸ್ನೇಹಿತರ ಹೆಡ್‌ಸೆಟ್ ಒಂದನ್ನು ನಾನು ಧರಿಸಿದ್ದೆ. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಹಣೆಯ ಸ್ಪಂಜು ಬೆವರು ಕುಡಿದು ಭಾರವಾಗಿತ್ತು, ಮಸೂರಕ್ಕೆ ಮಂಜು ಕಟ್ಟಿ ಎದುರಿನ ಹಿಮಪರ್ವತ ಹಾಲಿನ ಕೆನೆಯಂತೆ ಕಾಣುತ್ತಿತ್ತು. ಕೊಳ್ಳುವುದಾದರೆ ತೆಗೆದು ತೊಳೆಯಬಹುದಾದ ಮುಖದ ಗಾದಿ ಇರುವುದನ್ನೇ ನೋಡಿರಿ.

ಚಿತ್ರದ ಸ್ಪಷ್ಟತೆ ಬೇಗ ಸುಧಾರಿಸುವ ಅಂಶ. ಕ್ವೆಸ್ಟ್ 3 ಒಂದು ಡಿಗ್ರಿ ನೋಟಕ್ಕೆ ಸುಮಾರು 25 ಪಿಕ್ಸೆಲ್ ಕೊಡುತ್ತದೆ, ಆರೋಗ್ಯವಂತ ಕಣ್ಣು ಸುಮಾರು 60ರವರೆಗೆ ಗುರುತಿಸಬಲ್ಲದು. ಅಡ್ಡಕ್ಕೂ ಉದ್ದಕ್ಕೂ ಸೇರಿ ಇದು ಆರು ಪಟ್ಟಿಗೆ ಸಮೀಪದ ಅಂತರ. ಕಣ್ಣು ಎತ್ತ ಹೊರಳಿದೆ ಎಂಬುದನ್ನು ತಿಳಿದು ಅಲ್ಲಿ ಮಾತ್ರ ನಿಖರವಾಗಿ ಚಿತ್ರಿಸುವ ವಿಧಾನ ಈಗಾಗಲೇ ದುಬಾರಿ ಮಾದರಿಗಳಲ್ಲಿದ್ದು, ಕೆಳಗಿನ ಬೆಲೆಗೂ ಇಳಿಯಲಿದೆ. ಆದರೆ ಪರದೆ ಎಷ್ಟೇ ಚೆಂದವಾದರೂ, ಹತ್ತಿರದ ವಸ್ತುವಿಗೆ ಎರಡೂ ಕಣ್ಣುಗಳು ಒಳಗೆ ಹೊರಳಿದಾಗ ಅವುಗಳ ಫೋಕಸ್ ಮಾತ್ರ ಒಂದೆರಡು ಮೀಟರ್ ದೂರದಲ್ಲೇ ನಿಂತಿರುತ್ತದೆ; ಕಣ್ಣು ದಣಿಯಲು ಇದೊಂದು ಕಾರಣ. ಇದಕ್ಕೆ ಅಂಗಡಿಯಲ್ಲಿ ಸಿಗುವ ಪರಿಹಾರ ಇಷ್ಟು ಬೇಗ ಬರುತ್ತದೆಂದು ನನಗೆ ಅನಿಸುವುದಿಲ್ಲ.

ಇನ್ನು ಬೆಲೆ. 2020ರಲ್ಲಿ 299 ಡಾಲರ್‌ಗೆ ಬಂದ ಕ್ವೆಸ್ಟ್ 2, 2022ರ ಆಗಸ್ಟ್‌ನಲ್ಲಿ ಇಳಿಯುವ ಬದಲು 100 ಡಾಲರ್ ಏರಿತು. ಹೆಡ್‌ಸೆಟ್ ತಯಾರಿಸುವ ಮೆಟಾದ ವಿಭಾಗ 2024ರಲ್ಲಿ ತೋರಿಸಿದ ನಷ್ಟ ಸುಮಾರು 1,770 ಕೋಟಿ ಡಾಲರ್. ಇಂಥ ನಷ್ಟ ಹೊತ್ತ ಕಂಪನಿ ಒಳ್ಳೆಯ ಮಾದರಿಯನ್ನು ಇನ್ನೂ ಅಗ್ಗ ಮಾಡುತ್ತದೆಂದು ಕಾಯುವುದು ವ್ಯರ್ಥ. ಅದರ ಗಮನವೂ ಈಗ ಕನ್ನಡಕಗಳತ್ತ ವಾಲಿದೆ. ನಿಮ್ಮ ಪರಿಚಿತರು ಗೊಂದಲಕ್ಕೊಳಗಾದದ್ದು ಬಹುಶಃ ಇಲ್ಲಿಯೇ. 2025ರ ಮೇ ತಿಂಗಳಲ್ಲಿ 29,900 ರೂಪಾಯಿಯಿಂದ ಭಾರತಕ್ಕೆ ಬಂದ ರೇ-ಬ್ಯಾನ್ ಮೆಟಾ ನೋಡಲು ಕನ್ನಡಕವೇ ಹೌದು, ಆದರೆ ಅದರಲ್ಲಿ ಕ್ಯಾಮೆರಾ, ಸ್ಪೀಕರ್ ಇವೆಯೇ ಹೊರತು ಪರದೆಯಿಲ್ಲ. ಅದು ವಿಆರ್ ಅಲ್ಲವೇ ಅಲ್ಲ.

ಆಟಕ್ಕಾಗಿ ಬೇಕಿದ್ದರೆ, ಪರಿಚಿತರಲ್ಲಿ ಯಾರದ್ದಾದರೂ ಒಂದನ್ನು ಅರ್ಧ ಗಂಟೆ ಹಾಕಿಸಿ ನೋಡಿ, ಮಗನಿಗೆ ತಲೆ ಸುತ್ತದಿದ್ದರೆ ಈಗಿನದನ್ನೇ ಕೊಳ್ಳಿರಿ. ಕನ್ನಡಕಕ್ಕಾಗಿಯಾದರೆ ಎರಡು ವರ್ಷ ಸಾಲದು. ಮಗನ ವಯಸ್ಸನ್ನು ನೀವು ತಿಳಿಸಿಲ್ಲ. ಮೆಟಾ ಕನಿಷ್ಠ 10 ವರ್ಷ ಎನ್ನುತ್ತದೆ, ಆಪಲ್ 13.